ಲಂಗೋಟಿಗೆ ಹಾಕಿದ ಮದ್ದು: ಮಗುವಿನ ರ‍್ಯಾಶ್ ಹಿಂದಿನ ನೂರು ವರ್ಷದ ಕಥೆ

ಇವತ್ತಿನ ಎಪಿಸೋಡ್ ಲಂಗೋಟಿ ಬಗ್ಗೆ. ನಗಬೇಡಿ. ಬಟ್ಟೆ ಲಂಗೋಟಿ ಕಟ್ಟಿದ ಮಗುವಿನ ಅಂಡು ಕೆಂಪಾಗುತ್ತಲ್ಲ, ತೊಡೆಸಂದಿಯಲ್ಲಿ ದದ್ದು ಏಳುತ್ತಲ್ಲ, ಅದಕ್ಕೂ ಒಂದು ಇತಿಹಾಸ ಇದೆ. ಆ ಇತಿಹಾಸದಲ್ಲಿ ಸಾವುಗಳೂ ಇವೆ. ವಿಚಿತ್ರ ಏನಂದ್ರೆ, ಈ ಮಕ್ಕಳ ಜೀವ ತೆಗೆದದ್ದು ರ‍್ಯಾಶ್ ಅಲ್ಲ. ಲಂಗೋಟಿ ಚೊಕ್ಕಟವಾಗಿರಲಿ, ಚರ್ಮ ಬೇಗ ವಾಸಿಯಾಗಲಿ ಅಂತ ದೊಡ್ಡವರು ಹಾಕಿದ ಪುಡಿ, ದ್ರಾವಣಗಳು.

ಹೊಸದಾಗಿ ಅಪ್ಪ-ಅಮ್ಮ ಆದವರು, ಅಕ್ಕನ ಬಾಣಂತನಕ್ಕೆ ಓಡಾಡ್ತಾ ಇರುವವರು, ಕೊನೆವರೆಗೂ ಕೇಳಿ. ಮನೆಯಲ್ಲಿ ಏನು ಮಾಡಬಹುದು, ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು ಅನ್ನೋದನ್ನೂ ಹೇಳ್ತೀನಿ.

ನೀಲಿಯಾದ ಮಕ್ಕಳು

1886ನೇ ಇಸವಿ, ಇಂಗ್ಲೆಂಡ್. ಆಗತಾನೆ ಹುಟ್ಟಿದ ಕೆಲವು ಕೂಸುಗಳ ತುಟಿ, ಉಗುರು, ಮೈ ನೀಲಿ ತಿರುಗಿತು. ಮೈ ನೀಲಿಯಾದರೆ ಯಾರಿಗಾದರೂ ಮೊದಲು ಬರುವ ಅನುಮಾನ ಹೃದಯದ ಮೇಲೆ, ಶ್ವಾಸಕೋಶದ ಮೇಲೆ. ರೇನರ್ ಎಂಬ ವೈದ್ಯರು ಹುಡುಕುತ್ತಾ ಹೋದರೆ ಕಾರಣ ಸಿಕ್ಕಿದ್ದು ಲಂಗೋಟಿಯಲ್ಲಿ! ಬಟ್ಟೆ ಕಳೆದುಹೋಗದಿರಲಿ ಅಂತ ಅದರ ಮೇಲೆ ಶಾಯಿಯಲ್ಲಿ ಮುದ್ರೆ ಒತ್ತಿದ್ದರು. ಆ ಶಾಯಿಯಲ್ಲಿ ಅನಿಲಿನ್ ಎಂಬ ರಾಸಾಯನಿಕ ಇತ್ತು. ಮಗು ಉಚ್ಚೆ ಹೊಯ್ದಾಗ ಬಟ್ಟೆ ನೆನೆಯಿತು, ಶಾಯಿಯ ಅನಿಲಿನ್ ಚರ್ಮದ ಮೂಲಕ ರಕ್ತಕ್ಕೆ ಸೇರಿತು, ಆಮ್ಲಜನಕ ಹೊರುವ ರಕ್ತದ ಶಕ್ತಿಯನ್ನೇ ಕೆಡಿಸಿತು. ರೇನರ್ ಇದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಮುದ್ರೆ ಒತ್ತಿದ ಬಟ್ಟೆಯನ್ನು ಬಳಸುವ ಮುಂಚೆ ಒಮ್ಮೆ ಚೆನ್ನಾಗಿ ಒಗೆದಿದ್ದರೆ ಸಾಕಿತ್ತು. ಆದರೂ 20ನೇ ಶತಮಾನದ ನಡುವಿನವರೆಗೆ ಬೇರೆ ಬೇರೆ ಊರುಗಳಿಂದ ಇಂಥ ವರದಿಗಳು ಬರುತ್ತಲೇ ಇದ್ದವು.

ಈ ಘಟನೆಯಿಂದ ಒಂದು ವಿಷಯ ನೆನಪಿಟ್ಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತೆ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರ ನಮ್ಮದಕ್ಕಿಂತ ತುಂಬಾ ಹೆಚ್ಚು. ಅದರಲ್ಲೂ ಲಂಗೋಟಿಯ ಒಳಗಿನ ಚರ್ಮ ಸದಾ ಒದ್ದೆ, ಸದಾ ಮುಚ್ಚಿದ್ದು, ಆಗಾಗ ಸುಲಿದದ್ದು. ಅಲ್ಲಿಗೆ ಹಚ್ಚಿದ್ದು ಅಲ್ಲೇ ನಿಲ್ಲುವುದಿಲ್ಲ. ಮೈಯೊಳಗೆ ಇಳಿಯುತ್ತದೆ.

ಸುಶ್ರುತ ಹೇಳಿದ್ದು

ಹಾಗಾದರೆ ಈ ರ‍್ಯಾಶ್ ಹೊಸ ಕಾಯಿಲೆಯಾ? ಖಂಡಿತ ಅಲ್ಲ. ನಮ್ಮ ಸುಶ್ರುತ ಸಂಹಿತೆಯಲ್ಲಿ ಸಣ್ಣಪುಟ್ಟ ರೋಗಗಳ ಪಟ್ಟಿ ಇದೆ, ಕ್ಷುದ್ರರೋಗಗಳು ಅಂತ. ಅದರಲ್ಲಿ 'ಅಹಿಪೂತನ' ಅಂತ ಒಂದು ಹೆಸರು ಬರುತ್ತದೆ. ಮಲ-ಮೂತ್ರ ಅಂಟಿದ ಜಾಗವನ್ನು ತೊಳೆಯದೆ ಬಿಟ್ಟರೆ, ಬೆವರಿದ ಮಗುವಿಗೆ ಸ್ನಾನ ಮಾಡಿಸದಿದ್ದರೆ ಮೊದಲು ನವೆ ಏಳುತ್ತದೆ, ಕೆರೆದರೆ ಗುಳ್ಳೆ ಏಳುತ್ತದೆ, ಆಮೇಲೆ ಸೋರುತ್ತದೆ. ಇದು ಅದರ ವಿವರಣೆಯ ಸಾರಾಂಶ. ಕಫ, ರಕ್ತ ಅನ್ನುವ ಆ ಕಾಲದ ಪರಿಭಾಷೆಯನ್ನು ಪಕ್ಕಕ್ಕಿಟ್ಟು ನೋಡಿದರೆ, ಇವತ್ತಿನ ಮಕ್ಕಳ ಡಾಕ್ಟರ್ ಹೇಳುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಚಿಕಿತ್ಸೆಯಲ್ಲಿ ಕಷಾಯದಿಂದ ತೊಳೆಯುವುದು ಇದೆ. ಅದರ ಜೊತೆಗೆ ಹಾಲೂಡಿಸುವ ಹೆಂಗಸಿನ ಎದೆಹಾಲನ್ನು ಶುದ್ಧಿ ಮಾಡಬೇಕು ಅಂತಲೂ ಇದೆ. ಅಂದರೆ ಮಗುವಿನ ಅಂಡು ಕೆಂಪಾದರೆ ತಪ್ಪು ಹಾಲು ಕೊಡುವವಳದ್ದೂ ಹೌದು ಅನ್ನುವ ನಂಬಿಕೆ ಅಷ್ಟು ಹಳೆಯದು! 'ನೀನು ಬದನೆಕಾಯಿ ತಿಂದೆ, ಅದಕ್ಕೇ ಮಗೂಗೆ ಹೀಗಾಯ್ತು' ಅಂತ ಬಾಣಂತಿಗೆ ಬೈಯುವ ಮನೆಗಳು ಇವತ್ತೂ ಇವೆ, ಅಲ್ವಾ?

ಇನ್ನು ಯೂರೋಪಿನ ಕಡೆ ಬನ್ನಿ. ಅಲ್ಲಿ ಶತಮಾನಗಟ್ಟಲೆ ಮಕ್ಕಳನ್ನು ಕುತ್ತಿಗೆಯಿಂದ ಕಾಲಿನವರೆಗೆ ಬಟ್ಟೆಪಟ್ಟಿಯಲ್ಲಿ ಬಿಗಿಯಾಗಿ ಸುತ್ತಿಡುತ್ತಿದ್ದರು. ಬಿಚ್ಚಿ ಮತ್ತೆ ಸುತ್ತುವುದು ದೊಡ್ಡ ಕೆಲಸ, ಹಾಗಾಗಿ ಆಗಾಗ ಬದಲಾಯಿಸುವ ಮಾತೇ ಇರಲಿಲ್ಲ. 1748ರಲ್ಲಿ ವಿಲಿಯಂ ಕ್ಯಾಡೊಗನ್ ಎಂಬ ಇಂಗ್ಲಿಷ್ ವೈದ್ಯರು ಮಕ್ಕಳ ಪಾಲನೆ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದು ಈ ಪದ್ಧತಿಯನ್ನು ತರಾಟೆಗೆ ತೆಗೆದುಕೊಂಡರು. ಒಗೆದ ಹೊಸ ಬಟ್ಟೆ ಹಾಕಿದರೆ ಅದು ಮಗುವಿನ ಮೈಯ ಸತ್ವವನ್ನು ಹೀರಿಬಿಡುತ್ತದೆ ಅಂತ ಆಗಿನ ದಾದಿಯರು ನಂಬಿದ್ದರಂತೆ. ಕ್ಯಾಡೊಗನ್ ಆ ನಂಬಿಕೆಯನ್ನೂ ತಳ್ಳಿಹಾಕಿದರು. ಸಡಿಲ ಬಟ್ಟೆ ಹಾಕಿ, ಚೊಕ್ಕಟವಾಗಿಡಿ. ಅವರ ಸಲಹೆ ಇಷ್ಟೇ.

ಅಂದರೆ ಸುಶ್ರುತನ ಗ್ರಂಥವೂ ತೊಳೆಯಿರಿ ಅಂದಿತ್ತು, ಕ್ಯಾಡೊಗನ್ ಕೂಡ ಬದಲಾಯಿಸಿ ಅಂದಿದ್ದರು. ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ. ಕಾರಣ ಒಂದು ವಾಸನೆ.

ಅಮೋನಿಯಾದ ವಾಸನೆ

ರಾತ್ರಿಯಿಡೀ ಕಟ್ಟಿದ್ದ ಲಂಗೋಟಿಯನ್ನು ಬೆಳಿಗ್ಗೆ ಬಿಚ್ಚಿದ್ದೀರಾ? ಮೂಗಿಗೆ ಬಡಿಯುವ, ಕಣ್ಣು ಉರಿಸುವ ಆ ಘಾಟು ಅಮೋನಿಯಾದ್ದು. ಒಳಗೆ ನೋಡಿದರೆ ಚರ್ಮ ಕೆಂಪು. ಇವೆರಡೂ ಒಟ್ಟಿಗೆ ಕಂಡರೆ ಯಾರಿಗಾದರೂ ಏನನ್ನಿಸುತ್ತೆ? ಅಮೋನಿಯಾ ಸುಟ್ಟಿದೆ ಅಂತ. ವೈದ್ಯರಿಗೂ ಹಾಗೇ ಅನ್ನಿಸಿತು.

1905ರಲ್ಲಿ ಫ್ರಾನ್ಸ್‌ನ ಚರ್ಮರೋಗ ತಜ್ಞ ಜಾಕೆ ಈ ರ‍್ಯಾಶ್ ಅನ್ನು ವಿವರವಾಗಿ ದಾಖಲಿಸಿದರು. 1915ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಮಕ್ಕಳ ವೈದ್ಯ ಜಾನ್ ಜಹೋರ್ಸ್ಕಿ 'ಅಮೋನಿಯಾ ಲಂಗೋಟಿ'ಯ ಬಗ್ಗೆಯೇ ಲೇಖನ ಬರೆದರು. 1921ರಲ್ಲಿ ಅದೇ ಊರಿನ ಡಾಕ್ಟರ್ ಕುಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಗುವಿನ ಮಲದಲ್ಲಿರುವ ಒಂದು ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಆ ಅಮೋನಿಯಾವೇ ಚರ್ಮವನ್ನು ಸುಡುತ್ತದೆ ಅಂದರು. ಆ ಬ್ಯಾಕ್ಟೀರಿಯಾದ ಹೆಸರಿನಲ್ಲಿ ಇವತ್ತೂ 'ಅಮೋನಿಯಾಜೀನ್ಸ್' ಅನ್ನುವ ಪದ ಇದೆ.

ಕೇಳೋಕೆ ಎಷ್ಟು ಅಚ್ಚುಕಟ್ಟಾಗಿದೆ ನೋಡಿ. ಕಳ್ಳ ಸಿಕ್ಕಿಬಿದ್ದ. ಇನ್ನು ಅವನನ್ನು ಕೊಂದರಾಯಿತು. ಹೇಗೆ ಕೊಲ್ಲೋದು? ಒಗೆದ ಲಂಗೋಟಿಯನ್ನು ಕೊನೆಯಲ್ಲಿ ಮರ್ಕ್ಯುರಿಕ್ ಕ್ಲೋರೈಡ್‌ನ ತೆಳು ದ್ರಾವಣದಲ್ಲಿ ಅದ್ದಿ ಒಣಗಿಸಿ ಅನ್ನುವುದು ಕುಕ್ ಅವರ ಸಲಹೆ. ಮರ್ಕ್ಯುರಿ ಅಂದರೆ ಪಾದರಸ. ಬಟ್ಟೆಯ ನೂಲಿನಲ್ಲಿ ಪಾದರಸ ಉಳಿಯಬೇಕು, ಮಗು ಒದ್ದೆ ಮಾಡಿದಾಗ ಅದು ಬ್ಯಾಕ್ಟೀರಿಯಾವನ್ನು ಕೊಲ್ಲಬೇಕು. ಲೆಕ್ಕಾಚಾರ ಅದು. ಕುಕ್ ಕೆಟ್ಟ ಮನುಷ್ಯರೇನಲ್ಲ. ಆ ಕಾಲದಲ್ಲಿ ಪಾದರಸ ಎಲ್ಲ ಕಡೆ ಔಷಧಿಯೇ. ಆದರೆ 1886ರ ನೀಲಿ ಮಕ್ಕಳು ಹೇಳಿಕೊಟ್ಟ ಪಾಠವನ್ನು ವೈದ್ಯಲೋಕ ಆ ಹೊತ್ತಿಗೆ ಮರೆತಿತ್ತು.

ಒಂದೊಂದು ಮದ್ದಿಗೂ ಒಂದೊಂದು ದುರಂತ

ಆ ಕಾಲದಲ್ಲಿ 'ಪಿಂಕ್ ಡಿಸೀಸ್' ಅಂತ ಒಂದು ಕಾಯಿಲೆ ಇತ್ತು. ಮಕ್ಕಳ ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ ಊದಿಕೊಳ್ಳೋದು, ವಿಪರೀತ ಬೆವರು, ಬೆಳಕು ಕಂಡರಾಗದು, ಹಗಲು-ರಾತ್ರಿ ಅಳು. ದಶಕಗಟ್ಟಲೆ ಕಾರಣ ಗೊತ್ತಾಗಲಿಲ್ಲ. 1948ರಲ್ಲಿ ವಾರ್ಕನಿ ಮತ್ತು ಹಬಾರ್ಡ್ ಎಂಬ ವೈದ್ಯರು ಈ ಮಕ್ಕಳ ಮೂತ್ರದಲ್ಲಿ ಪಾದರಸ ಪತ್ತೆ ಮಾಡಿದರು. ದೊಡ್ಡ ಮೂಲ ಅಂದರೆ ಹಲ್ಲು ಬರುವಾಗ ಕೊಡುತ್ತಿದ್ದ ಪುಡಿಗಳು. ಅದರಲ್ಲಿ ಪಾದರಸದ ಲವಣ ಇರುತ್ತಿತ್ತು. ಪಾದರಸದ ನೀರಿನಲ್ಲಿ ಅದ್ದಿದ ಲಂಗೋಟಿಯೂ ಮೂಲಗಳಲ್ಲಿ ಒಂದು. 1950ರ ದಶಕದ ನಡುವೆ ಬ್ರಿಟನ್‌ನಲ್ಲಿ ಆ ಪುಡಿಗಳಿಂದ ಪಾದರಸ ತೆಗೆದ ಮೇಲೆ ಕಾಯಿಲೆಯೂ ಬಹುತೇಕ ಮಾಯವಾಯಿತು.

ಎರಡನೆಯದು ಬೋರಿಕ್ ಪುಡಿ. ಕೇರಂ ಬೋರ್ಡ್‌ಗೆ ಹಾಕ್ತೀವಲ್ಲ, ಅದೇ ಬೋರಿಕ್. ನಿರಪಾಯಕಾರಿ ಅಂತ ಎಲ್ಲರೂ ನಂಬಿದ್ದರು, ರ‍್ಯಾಶ್ ಆದ ಜಾಗಕ್ಕೆ ಧಾರಾಳವಾಗಿ ಉದುರಿಸುತ್ತಿದ್ದರು. ಸುಲಿದ ಚರ್ಮದಿಂದ ಅದು ಒಳಗಿಳಿಯಿತು. 1953ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವೈದ್ಯರಾದ ಗೋಲ್ಡ್‌ಬ್ಲೂಮ್ ತಂದೆ-ಮಗ ತಾವು ನೋಡಿದ 4 ಪ್ರಕರಣಗಳ ಜೊತೆಗೆ, ಜಗತ್ತಿನ ವೈದ್ಯಕೀಯ ಸಾಹಿತ್ಯವನ್ನು ಜಾಲಾಡಿ 109 ಬೋರಿಕ್ ವಿಷಪ್ರಕರಣಗಳನ್ನು ಒಂದೆಡೆ ಕಲೆಹಾಕಿದರು. ಸತ್ತವರಲ್ಲಿ ಹಸುಳೆಗಳೂ ಇದ್ದವು. ಮನೆಮನೆಯ ಪುಟ್ಟ ಡಬ್ಬಿಯಲ್ಲಿ ಇದ್ದ ಪುಡಿ ಅದು.

ಮೂರನೆಯದು 1967. ಮತ್ತೆ ಅದೇ ಸೇಂಟ್ ಲೂಯಿಸ್, ಅಮೋನಿಯಾ ಕಳ್ಳನನ್ನು ಹಿಡಿದ ಊರು. ಅಲ್ಲಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳಿಗೆ ಇದ್ದಕ್ಕಿದ್ದಂತೆ ವಿಪರೀತ ಬೆವರು, ಜ್ವರ, ಏದುಸಿರು. 9 ಮಕ್ಕಳು ಕಾಯಿಲೆ ಬಿದ್ದರು, 2 ಮಕ್ಕಳು ಸತ್ತರು. ಲಂಗೋಟಿಗೆ, ಹಾಸಿಗೆ ಬಟ್ಟೆಗೆ ಬೂಷ್ಟು ಹಿಡಿಯಬಾರದು ಅಂತ ಕೊನೆಯ ಜಾಲಾಟದ ನೀರಿಗೆ ಹಾಕುತ್ತಿದ್ದ ಪುಡಿಯಲ್ಲಿ ಪೆಂಟಾಕ್ಲೋರೋಫಿನೇಟ್ ಇತ್ತು. ಮರಮುಟ್ಟು ಕೊಳೆಯದಿರಲಿ ಅಂತ ಬಳಿಯುವ ರಾಸಾಯನಿಕದ ಜಾತಿಯದ್ದು.

ನಾಲ್ಕನೆಯದು 1972, ಫ್ರಾನ್ಸ್. ಮೊರಾಂಜ್ ಎಂಬ ಬ್ರ್ಯಾಂಡಿನ ಬೇಬಿ ಪೌಡರ್‌ಗೆ ತಯಾರಿಕೆಯ ವೇಳೆ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕ ವಿಪರೀತ ಪ್ರಮಾಣದಲ್ಲಿ ಬೆರೆತುಹೋಯಿತು. 204 ಜನ ವಿಷಕ್ಕೆ ತುತ್ತಾದರು, ಬಹುತೇಕ ಎಲ್ಲರೂ ಮಕ್ಕಳು. 36 ಸಾವು. ವಿಷ ನರಮಂಡಲಕ್ಕೆ ಹೊಡೆದಿತ್ತು. ಅಮ್ಮಂದಿರು ಪ್ರೀತಿಯಿಂದ, ಮಗುವಿಗೆ ಹಿತವಾಗಲಿ ಅಂತ ದಿನಕ್ಕೆ ನಾಲ್ಕೈದು ಸಲ ಹಚ್ಚಿದ ಪೌಡರ್ ಅದು.

ಐದನೆಯದು 1980, ಅರ್ಜೆಂಟೀನಾದ ಬ್ಯೂನಸ್ ಐರಿಸ್. ಅಲ್ಲಿ ಮನೆಮನೆಗೆ ಒಗೆದ ಲಂಗೋಟಿ ತಲುಪಿಸುವ ಲಾಂಡ್ರಿ ಇತ್ತು. ಬಟ್ಟೆಗೆ ಶಿಲೀಂಧ್ರ ಹಿಡಿಯದಿರಲು ಪಾದರಸದ ಸಂಯುಕ್ತ ಬಳಸಿದ್ದರು. ಕುಕ್ ಅವರ ಸಲಹೆ ಬಂದು ಸುಮಾರು 60 ವರ್ಷ, ಪಿಂಕ್ ಡಿಸೀಸ್‌ನ ಗುಟ್ಟು ಬಯಲಾಗಿ 30 ವರ್ಷ ಕಳೆದ ಮೇಲೆ! ಸಾವಿರಾರು ಮಕ್ಕಳ ಮೈಗೆ ಪಾದರಸ ಸೇರಿತು. ಸಂಶೋಧಕರು ಆ ಮಕ್ಕಳ ಮೂತ್ರವನ್ನು ಪರೀಕ್ಷಿಸಿ 1985ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವರದಿ ಮಾಡಿದರು. ಅವರು ಗಮನಿಸಿದ ಪರಿಣಾಮಗಳು ಪಾದರಸದ ಸಂಪರ್ಕ ತಪ್ಪಿದ ಮೇಲೆ ಸರಿಹೋಗುವಂಥವಾಗಿದ್ದವು ಅನ್ನೋದೇ ಸಮಾಧಾನ.

ಕಳ್ಳ ಬೇರೆಯೇ ಇದ್ದ

ಇಷ್ಟೆಲ್ಲ ಆಗುತ್ತಿದ್ದಾಗಲೇ ಒಂದು ಮೂಲ ಪ್ರಶ್ನೆಯನ್ನು ಯಾರೋ ಕೇಳಬೇಕಿತ್ತು: ನಿಜವಾಗಿಯೂ ಅಮೋನಿಯಾದಿಂದಲೇ ರ‍್ಯಾಶ್ ಬರುತ್ತಾ?

1977ರಲ್ಲಿ ಅಮೆರಿಕದ ಚರ್ಮರೋಗ ತಜ್ಞ ಲೇಡನ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿದರು. ರ‍್ಯಾಶ್ ಇರುವ ಮಕ್ಕಳು, ಇಲ್ಲದ ಮಕ್ಕಳು, ಎರಡೂ ಗುಂಪಿನ ಲಂಗೋಟಿಯಲ್ಲಿ ಅಮೋನಿಯಾ ಎಷ್ಟಿದೆ ಅಂತ ಅಳೆದರು. ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಅಮೋನಿಯಾ ಮಾಡುವ ಬ್ಯಾಕ್ಟೀರಿಯಾದಲ್ಲೂ ಅಷ್ಟೇ. ಗಾಯವಿಲ್ಲದ ಚರ್ಮಕ್ಕೆ ಅಮೋನಿಯಾ ಇರುವ ಮೂತ್ರವನ್ನು 24 ಗಂಟೆ ಕಟ್ಟಿಟ್ಟರೂ ಚರ್ಮ ಕೆಂಪಾಗಲಿಲ್ಲ. ಮೊದಲೇ ಗೀರಿದ ಚರ್ಮವಾದರೆ ಮಾತ್ರ ಉರಿ ಜಾಸ್ತಿಯಾಯಿತು. ಅಂದರೆ ಬೆಂಕಿ ಹಚ್ಚಿದವನು ಬೇರೆ, ಅಮೋನಿಯಾ ಎಣ್ಣೆ ಸುರಿಯಿತು ಅಷ್ಟೇ.

ಹಚ್ಚಿದವರು ಯಾರು ಅನ್ನೋದು 1986ರ ಹೊತ್ತಿಗೆ ಸ್ಪಷ್ಟವಾಯಿತು. ಈ ಪ್ರಯೋಗ ಮಾಡಿದವರು ಡಯಾಪರ್ ತಯಾರಿಸುವ ಕಂಪನಿಯ ವಿಜ್ಞಾನಿಗಳು, ಅದೂ ರೋಮವಿಲ್ಲದ ಇಲಿಗಳ ಮೇಲೆ. ಅದನ್ನೂ ನೀವು ಗಮನದಲ್ಲಿಟ್ಟುಕೊಳ್ಳಿ. ಆದರೆ ಅವರು ಕೊಟ್ಟ ವಿವರಣೆಯನ್ನು ಇವತ್ತು ಎಲ್ಲ ಕಡೆ ಒಪ್ಪಿದ್ದಾರೆ. ಒದ್ದೆಯಲ್ಲಿ ನೆಂದ ಚರ್ಮ ಮೆತ್ತಗಾಗುತ್ತದೆ, ಬಟ್ಟೆ ಉಜ್ಜಿದರೆ ಬೇಗ ಸುಲಿಯುತ್ತದೆ. ಮಲದಲ್ಲಿ ಪ್ರೋಟೀನ್ ಮತ್ತು ಕೊಬ್ಬನ್ನು ಕರಗಿಸುವ ಕಿಣ್ವಗಳಿವೆ. ಮಲ-ಮೂತ್ರ ಬೆರೆತಾಗ ಕ್ಷಾರೀಯತೆ ಹೆಚ್ಚುತ್ತದೆ, ಆಗ ಈ ಕಿಣ್ವಗಳು ಚುರುಕಾಗಿ ಚರ್ಮವನ್ನೇ ತಿನ್ನತೊಡಗುತ್ತವೆ. ಸುಲಿದ ಜಾಗಕ್ಕೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಸೇರಿಕೊಂಡರೆ ರ‍್ಯಾಶ್ ಇನ್ನೂ ಹಟಮಾರಿ.

ಹಾಗಾಗಿ ಮಾಡಬೇಕಾದ್ದು ಏನು? ಮಲ-ಮೂತ್ರ ಚರ್ಮಕ್ಕೆ ಅಂಟಿಕೊಂಡಿರುವ ಹೊತ್ತನ್ನು ಕಡಿಮೆ ಮಾಡುವುದು. ತೊಳೆಯುವುದು, ಒಣಗಿಸುವುದು, ಬದಲಾಯಿಸುವುದು. ನೂರು ವರ್ಷ ಸುತ್ತಿ ಸುಶ್ರುತನ ಹತ್ತಿರವೇ ಬಂದು ನಿಂತೆವು.

ನಮ್ಮ ಮನೆಗಳಲ್ಲಿ

ಈಗ ನಮ್ಮ ಕಡೆ ನೋಡೋಣ. ನಮ್ಮಜ್ಜಿ ಲಂಗೋಟಿಗೆ ಹೊಸ ಬಟ್ಟೆ ಮುಟ್ಟುತ್ತಿರಲಿಲ್ಲ. ಹತ್ತಾರು ವರ್ಷ ಉಟ್ಟು ಒಗೆದು ಮೆತ್ತಗಾದ ಹತ್ತಿ ಸೀರೆ, ಅಜ್ಜನ ಹಳೇ ಪಂಚೆ ಹರಿದು ಚೌಕ ಮಾಡಿಡೋರು. ತೆಳು ಬಟ್ಟೆ, ಮೇಲೆ ಪ್ಲಾಸ್ಟಿಕ್ ಇಲ್ಲ. ಹಾಗಾಗಿ ಒದ್ದೆಯಾದ ತಕ್ಷಣ ಎತ್ತಿಕೊಂಡವರ ಮಡಿಲಿಗೇ ಗೊತ್ತಾಗೋದು, ಕೂಡಲೇ ಬದಲಾಗೋದು. ಮನೆಯಲ್ಲಿ ಮಗು ಅರ್ಧ ದಿನ ಬರೀ ಅಂಡಿನಲ್ಲೇ ಇರೋದು. ಬಟ್ಟೆ ಬಿಸಿಲಿನಲ್ಲಿ ಗರಿಗರಿ ಒಣಗೋದು. ಇದರಲ್ಲಿ ಬಹಳಷ್ಟನ್ನು ಇವತ್ತಿನ ವಿಜ್ಞಾನವೂ ಸರಿ ಅನ್ನುತ್ತದೆ.

ಆದರೆ 'ನಮ್ಮ ಕಾಲದಲ್ಲಿ ರ‍್ಯಾಶೇ ಇರಲಿಲ್ಲ' ಅನ್ನೋರಿಗೆ ಒಂದು ಮಾತು ಕೇಳಬೇಕು: ದಿನಕ್ಕೆ ಇಪ್ಪತ್ತು-ಮೂವತ್ತು ಬಟ್ಟೆ ಒಗೆಯುತ್ತಿದ್ದವರು ಯಾರು? ಅತ್ತೆ, ಚಿಕ್ಕಮ್ಮ, ಮದುವೆಯಾಗದ ತಂಗಿ. ಎಷ್ಟೋ ಊರುಗಳಲ್ಲಿ ಪುರುಡಿನ ಬಟ್ಟೆ ಮನೆಯವರು ಮುಟ್ಟುವಂತಿರಲಿಲ್ಲ. ಅದನ್ನು ಹೊಳೆಗೆ ಒಯ್ದು ಒಗೆದವರು ಮಡಿವಾಳರ ಹೆಣ್ಣುಮಕ್ಕಳು. ಅವರ ಕೈ ನೀರಿನಲ್ಲಿ ಬಿರಿದದ್ದನ್ನು ಯಾವ ಬಾಣಂತನದ ಹಾಡೂ ಹೇಳಿದ ಹಾಗಿಲ್ಲ. ಮಗುವಿನ ಚರ್ಮ ಚೆನ್ನಾಗಿದ್ದರೆ ಅದರ ಹಿಂದೆ ಯಾರದೋ ದುಡಿಮೆ ಇತ್ತು. ಮದ್ದಿನ ಪುಡಿ, ದ್ರಾವಣಗಳು ಅಷ್ಟು ಬೇಗ ಹಬ್ಬಿದ್ದಕ್ಕೂ ಇದೇ ಕಾರಣ ಅಂತ ನನಗನ್ನಿಸುತ್ತೆ. ಕೈಗೆ ಜನ ಇಲ್ಲದ ಮನೆಯಲ್ಲಿ, ಒಂದು ಚಿಟಿಕೆ ಪುಡಿ ಒಂದು ಬಕೆಟ್ ಬಟ್ಟೆಯ ಕೆಲಸ ಉಳಿಸುತ್ತೆ ಅಂದರೆ ಯಾರು ಬೇಡ ಅಂತಾರೆ?

ನಮ್ಮಲ್ಲೂ ಮೂರು ಅಪಾಯಗಳಿವೆ, ಇವತ್ತಿಗೂ.

ಮೊದಲನೆಯದು ನುಸಿಗುಳಿಗೆ. ಟ್ರಂಕಿನಲ್ಲಿಟ್ಟ ಹಳೇ ಸೀರೆಯನ್ನು ತೆಗೆದು ನೇರವಾಗಿ ಲಂಗೋಟಿ ಮಾಡಬೇಡಿ. ನಾಫ್ತಲೀನ್ ಮಗುವಿನ ಉಸಿರಿನಿಂದ, ಚರ್ಮದಿಂದ ಒಳಹೋಗಿ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು, ಕಾಮಾಲೆ ಏರುತ್ತದೆ. 1963ರಲ್ಲಿ ಗ್ರೀಸ್ ದೇಶದ ವೈದ್ಯರು ನವಜಾತ ಶಿಶುಗಳಲ್ಲಿ ಇದನ್ನು ದಾಖಲಿಸಿದ್ದಾರೆ. ಮಗುವಿನ ಬಟ್ಟೆ, ಹೊದಿಕೆ ಇಡುವ ಕಡೆ ನುಸಿಗುಳಿಗೆ ಬೇಡವೇ ಬೇಡ.

ಎರಡನೆಯದು ಆಂಟಿಸೆಪ್ಟಿಕ್. ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ, ಮುಗ್ಗಲು ವಾಸನೆ ಬರುತ್ತೆ ಅಂತ ಕೊನೆಯ ನೀರಿಗೆ ಎರಡು ಮುಚ್ಚಳ ಸುರಿಯೋದು. ಸೇಂಟ್ ಲೂಯಿಸ್‌ನ ಲಾಂಡ್ರಿಯಲ್ಲಿ ಇದ್ದದ್ದೂ ಇದೇ ಮುಗ್ಗಲಿನ ಚಿಂತೆ. ಇವತ್ತಿನ ದ್ರಾವಣಗಳು ಆ ವಿಷದಷ್ಟು ಘೋರ ಅಲ್ಲ, ನಿಜ. ಆದರೆ ಬಟ್ಟೆಯಲ್ಲಿ ಉಳಿದದ್ದು ಸುಲಿದ ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ. ಸೋಪಿನ ಪುಡಿ, ಫ್ಯಾಬ್ರಿಕ್ ಸಾಫ್ಟ್ನರ್ ಉಳಿದರೂ ಇದೇ ಕಥೆ. ಬಿಸಿನೀರಲ್ಲಿ ಒಗೆಯಿರಿ, ಎರಡು ಮೂರು ಸಲ ಬರೀ ನೀರಿನಲ್ಲಿ ಜಾಲಿಸಿ. ಬಿಸಿಲಿಲ್ಲದಿದ್ದರೆ ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ, ಇಸ್ತ್ರಿ ಹಾಕಿ.

ಮೂರನೆಯದು ನನಗೆ ಹೆಚ್ಚು ಭಯ ಹುಟ್ಟಿಸುವುದು. ಮೆಡಿಕಲ್ ಶಾಪ್‌ನಲ್ಲಿ 'ಮಗೂಗೆ ರ‍್ಯಾಶ್' ಅಂದರೆ ಸಾಕು, ಕೊಡುವ ಟ್ಯೂಬ್. ಎಷ್ಟೋ ಸಲ ಅದರಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನದಲ್ಲಿ ಕೆಂಪು ಮಾಯ, ಮನೆಯವರಿಗೆ ಖುಷಿ. ವಾರಗಟ್ಟಲೆ ಹಚ್ಚುತ್ತಾ ಹೋದರೆ ಸ್ಟೀರಾಯ್ಡ್ ರಕ್ತಕ್ಕೆ ಇಳಿದು ಮಗುವಿನ ಮುಖ ಗುಂಡಗಾಗುತ್ತದೆ, ಕೆನ್ನೆ ಉಬ್ಬುತ್ತದೆ. ನೋಡಿದವರು 'ಮಗು ಎಷ್ಟು ಚೆನ್ನಾಗಿ ತುಂಬ್ಕೊಂಡಿದೆ' ಅಂತಾರೆ! ಒಳಗೆ ಮಗುವಿನದೇ ಹಾರ್ಮೋನ್ ವ್ಯವಸ್ಥೆ ಕುಸಿಯುತ್ತಿರುತ್ತದೆ. ಲಂಗೋಟಿ ರ‍್ಯಾಶ್‌ಗೆ ಹಚ್ಚಿ ಹೀಗಾದ ಮಕ್ಕಳ ಬಗ್ಗೆ ಭಾರತದ ವೈದ್ಯರೇ ಬರೆದಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅನ್ನುವ ಪಟ್ಟಿಗೆ ಸೇರಿಸಿತು. ಪಟ್ಟಿ ಇದೆ, ಅಂಗಡಿಯಲ್ಲಿ ಚೀಟಿ ಕೇಳೋರು ಎಷ್ಟು ಜನ ಅನ್ನೋದು ನಿಮಗೇ ಗೊತ್ತು.

ಹಾಗಾದರೆ ಏನು ಮಾಡೋದು?

ಬಟ್ಟೆ ಲಂಗೋಟಿಯಾದರೆ ಒದ್ದೆಯಾದ ಕೂಡಲೇ ಬದಲಾಯಿಸಿ. ಕಕ್ಕ ಮಾಡಿದರೆ ಒಂದು ಕ್ಷಣವೂ ಕಾಯಬೇಡಿ. ಈಗ ಸಿಗುವ ವಾಟರ್‌ಪ್ರೂಫ್ ಹೊದಿಕೆಯ ಬಟ್ಟೆ ಡಯಾಪರ್‌ಗಳಲ್ಲಿ ಹೊರಗೆ ಒದ್ದೆ ಕಾಣುವುದಿಲ್ಲ, ಹಾಗಾಗಿ ಎರಡು ಗಂಟೆಗೊಮ್ಮೆ ಕೈ ಹಾಕಿ ನೋಡಿ. ಉಗುರುಬೆಚ್ಚಗಿನ ಬರೀ ನೀರಿನಿಂದ ತೊಳೆದು, ಉಜ್ಜದೆ, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ದಿನಕ್ಕೆ ಕೆಲವು ಸಲ ಬರೀ ಅಂಡಿನಲ್ಲಿ ಗಾಳಿಗೆ ಬಿಡಿ. ಕೆಂಪಾಗಿದ್ದರೆ ಜಿಂಕ್ ಆಕ್ಸೈಡ್ ಮುಲಾಮು ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಅವು ಚರ್ಮಕ್ಕೂ ಒದ್ದೆಗೂ ನಡುವೆ ಗೋಡೆಯ ಹಾಗೆ ನಿಲ್ಲುತ್ತವೆ. 19ನೇ ಶತಮಾನದ ಕೊನೆಯಲ್ಲಿ ಬರ್ಲಿನ್‌ನ ವೈದ್ಯ ಲಸ್ಸಾರ್ ಮಾಡಿದ ಜಿಂಕ್ ಪೇಸ್ಟ್‌ನ ವಂಶವೇ ಇದು. ಪೌಡರ್ ಬೇಡ, ಅದು ಮಗುವಿನ ಉಸಿರಿಗೆ ಹೋಗುತ್ತದೆ.

ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ತೊಡೆಸಂದಿಯ ಮಡಿಕೆಯೊಳಗೆ ಕಡುಕೆಂಪಾಗಿ ಸುತ್ತ ಸಣ್ಣ ಚುಕ್ಕೆಗಳು ಎದ್ದರೆ, ಕೀವು, ನೀರುಗುಳ್ಳೆ, ರಕ್ತ, ಜ್ವರ ಕಂಡರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಹಾಗೇ ಮನೆಯಲ್ಲಿ ಮುಲಾಮಿನ ಟ್ಯೂಬ್ ಇದ್ದರೆ ಈಗಲೇ ಹೆಸರು ಓದಿ. ಕ್ಲೋಬೆಟಾಸಾಲ್, ಬೆಕ್ಲೋಮೆಥಾಸೋನ್, ಬೀಟಾಮೆಥಾಸೋನ್ ಅಂತ ಕಂಡರೆ ಡಾಕ್ಟರನ್ನು ಕೇಳದೆ ಮಗುವಿಗೆ ಮುಟ್ಟಿಸಬೇಡಿ.

ಇನ್ನೊಂದು ಮಾತು ಗಂಡಸರಿಗೆ. ಈ ಕಥೆಯ ಸಾರಾಂಶ ಇಷ್ಟೇ ಅಲ್ವಾ, ರ‍್ಯಾಶ್‌ಗೆ ನಿಜವಾದ ಮದ್ದು ಆಗಾಗ ಬಟ್ಟೆ ಬದಲಾಯಿಸುವ ಎರಡು ಕೈ. ಆ ಕೈ ಅಮ್ಮನದ್ದೇ ಆಗಬೇಕು ಅಂತ ಸುಶ್ರುತನೂ ಹೇಳಿಲ್ಲ, 1986ರ ಇಲಿಗಳೂ ಹೇಳಿಲ್ಲ. ಇವತ್ತು ರಾತ್ರಿ ಎರಡು ಗಂಟೆಯ ಲಂಗೋಟಿ ನಿಮ್ಮ ಪಾಲಿಗೆ ಇರಲಿ.

ಈ ಎಪಿಸೋಡನ್ನು ಮನೆಯಲ್ಲಿ ಪುಟ್ಟ ಮಗು ಇರುವವರಿಗೆ ಕಳಿಸಿ.